ಪದಚರ್ಚೆ: ಇನ್ವರ್ಟರ್ ‘ಕ್ಲಿಪ್ಪಿಂಗ್’ಗೆ ಕನ್ನಡದಲ್ಲಿ ಏನೆನ್ನೋಣ?

ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ, ಅದಕ್ಕೇ ಅವಸರ. ಮಂಡ್ಯದ ನಮ್ಮ ಬಡಾವಣೆಯ ಸಮುದಾಯ ಭವನದ ಮೇಲೆ 6 ಕಿಲೋವಾಟ್ ಸೋಲಾರ್ ಪ್ಯಾನೆಲ್‌ಗಳಿವೆ, ಕೆಳಗೆ ಅವುಗಳ ಡಿ.ಸಿ. ಕರೆಂಟನ್ನು ಬಳಕೆಯ ಎ.ಸಿ.ಗೆ ಬದಲಿಸುವ 5 ಕಿಲೋವಾಟ್ ಇನ್ವರ್ಟರ್. ಮೋಡವಿಲ್ಲದ ಬಿಸಿಲಿನ ದಿನ ಉತ್ಪಾದನೆಯ ಗ್ರಾಫ್ 5ರವರೆಗೆ ಏರಿ, ನಡುಹಗಲೆಲ್ಲ ಸೇರಿನ ತಲೆ ಸವರಿದ ಹಾಗೆ ಮಟ್ಟಸವಾಗಿ ನಿಲ್ಲುತ್ತದೆ; ಇನ್ವರ್ಟರ್ ತನ್ನ ಮಿತಿಗಿಂತ ಹೆಚ್ಚು ಕೊಡದ ಇದೇ ‘ಕ್ಲಿಪ್ಪಿಂಗ್’. ನೋಡಿದವರೆಲ್ಲ ಯಂತ್ರ ಕೆಟ್ಟಿದೆ ಎನ್ನುತ್ತಾರೆ. ‘ವಿದ್ಯುತ್ ಕಡಿತ’ ಎಂದು ಚೀಟಿ ಅಂಟಿಸಿದೆ; ಕರೆಂಟ್ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳತೊಡಗಿದರು.

ಮರು:
‘ಕೋಡಿ’ ಎನ್ನಿ. ಕೆರೆ ತುಂಬಿದರೆ ಹೆಚ್ಚಾದದ್ದು ಕೋಡಿ ಹರಿಯುತ್ತದೆ. ಅಚ್ಚಗನ್ನಡ. ಹಾಗೆಯೇ ಆ ‘ಪ್ಯಾನೆಲ್’ ತೆಗೆದು ‘ಹಲಗೆ’ ಮಾಡಿ. ಮನೆಯಲ್ಲಿ ಇಟ್ಟುಕೊಂಡು ಎರವಲು ಏಕೆ?

ಮರು:
ಹಲಗೆ ‘ಫಲಕ’ದ ತದ್ಭವ. ಅಚ್ಚಗನ್ನಡದ ಪಾಠ ಅಲ್ಲಿಗೆ ಮುಗಿಯಿತು.

ಕೋಡಿ ಅರ್ಥದಲ್ಲೇ ತಪ್ಪು. ಇಲ್ಲಿ ಏನೂ ಹೊರಗೆ ಹರಿಯುವುದಿಲ್ಲ. ಮಿತಿಗೆ ಬಂದ ಇನ್ವರ್ಟರ್ ಪ್ಯಾನೆಲ್‌ಗಳ ವೋಲ್ಟೇಜನ್ನು ಮೇಲಕ್ಕೆ ಸರಿಸಿಕೊಂಡು ಕಡಿಮೆ ಕರೆಂಟ್ ಎಳೆಯುತ್ತದೆ, ಅಷ್ಟೇ. ಎಳೆಯದೆ ಬಿಟ್ಟದ್ದು ಪ್ಯಾನೆಲ್‌ನಲ್ಲೇ ಬಿಸಿಯಾಗಿ ಉಳಿಯುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಇದು ಕೋಡಿಯಲ್ಲ, ತೂಬು. ತೂಬಿನ ಬಾಯಿ ಇದ್ದಷ್ಟೇ ನೀರು. ನನ್ನ ಮತ ‘ತೂಬುಮಿತಿ’ಗೆ. ಇನ್ನು, ಬಿಸಿಯೇರಿದಾಗ ಇನ್ವರ್ಟರ್ ತನ್ನನ್ನು ಕಾಪಾಡಿಕೊಳ್ಳಲು 5ಕ್ಕಿಂತಲೂ ಕೆಳಗೆ ಇಳಿಯುವುದು ಬೇರೆಯೇ ಸಂಗತಿ. ಅದಕ್ಕೆ ‘ತಗ್ಗಿಕೆ’ ಸಾಕು. ಗ್ರಾಫ್ ಮಟ್ಟಸವಾಗಿದ್ದರೆ ತೂಬು, ನಡುವೆ ಕುಸಿದರೆ ತಗ್ಗಿಕೆ. ಎರಡನ್ನೂ ಕಲಸಬೇಡಿ.

ಮರು:
ತೂಬು ಕನ್ನಡ, ಮಿತಿ ಸಂಸ್ಕೃತ. ಅರಿಸಮಾಸ! ತದ್ಭವದ ಪಾಠ ಹೇಳುವವರು ಇದನ್ನು ಬರೆಯಬಹುದೇ?

ಮರು:
‘ಮಳೆಗಾಲ’ವೂ ಅರಿಸಮಾಸವೇ. ಅದಕ್ಕಾಗಿ ಮಳೆ ನಿಂತಿಲ್ಲ.

ಮರು:
ಇನ್ವರ್ಟರ್ ಎಂಬುದನ್ನು ಯಾರೂ ಮುಟ್ಟುತ್ತಿಲ್ಲವಲ್ಲ? ಅದು ದಕ್ಕುವುದಾದರೆ ‘ಕ್ಲಿಪ್ಪಿಂಗ್’ ಏಕೆ ದಕ್ಕುವುದಿಲ್ಲ? ಬಸ್ಸು ಹತ್ತಿ ಬಂದವರು ಟಿಕೆಟ್‌ಗೆ ಮುಖ ಸಿಂಡರಿಸುತ್ತಾರೆ.

ಮರು:
ಕೇಳಿದವನು ನಾನೇ. ಬೋರ್ಡ್‌ನವರು ಬಂದು ಹೋದರು. ಓದುವವರು ತೂಬು ಎಲ್ಲಿದೆ ಎಂದು ಹುಡುಕಬಾರದು ಎಂದುಕೊಂಡು ‘ಇನ್ವರ್ಟರ್ ಮಿತಿ ಮುಟ್ಟಿದೆ, ಕೆಟ್ಟಿಲ್ಲ’ ಎಂದು ಬರೆಸಿದೆ. ಬರೆದು ಮುಗಿಸಿ ಕುಂಚ ಒರೆಸಿಕೊಳ್ಳುತ್ತಾ ಅವರು ಕೇಳಿದರು: “ಸಾರ್, ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ?”