ಇಪ್ಪತ್ನಾಲ್ಕು ಲಕ್ಷದ ಕೆಂಪು ಎಂಜಿಬಿ: ಮನೆಯ ಗುಂಪಿನಲ್ಲೊಂದು ವಾದ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ನಡುನಡುವೆ ಬಂದ ಶುಭೋದಯದ ಹೂವುಗಳನ್ನೂ ಮಂಡಿನೋವಿನ ಎಣ್ಣೆಯ ವಿವರವನ್ನೂ ತೆಗೆದಿದ್ದೇನೆ. ಹೆಸರುಗಳ ಬದಲು ಸಂಬಂಧವನ್ನಷ್ಟೇ ಇಟ್ಟಿದ್ದೇನೆ; ವೈನಿ ಎಂದರೆ ಪುಣೆ ಅಣ್ಣನ ಹೆಂಡತಿ. ಎಂಜಿಬಿ ಎಂಬುದು ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು, ಅದರ ತೆರೆದ ಮಾಡಿನ ಮಾದರಿಯೇ ರೋಡ್‌ಸ್ಟರ್. ಹಳೆಯ ಕಾರಿನ ಮೇಲೆ ಕಣ್ಣಿಟ್ಟವರಿಗೆ ಉಪಯೋಗಕ್ಕೆ ಬಂದೀತು.

ಪುಣೆ ಅಣ್ಣ: ಎಲ್ಲರೂ ಈ ಜಾಹೀರಾತು ನೋಡಿ.
«ಮಾರಾಟಕ್ಕಿದೆ. ಎಂಜಿಬಿ ರೋಡ್‌ಸ್ಟರ್, 1972ರ ಮಾದರಿ, ಬೆಳಗಾವಿ. ಕೆಂಪು ಬಣ್ಣ, ಕ್ರೋಮ್ ಬಂಪರ್, ತಂತಿ ಚಕ್ರಗಳು, 1798 ಸಿಸಿ, ಜೋಡಿ ಎಸ್‌ಯು ಕಾರ್ಬುರೇಟರ್, ಓವರ್‌ಡ್ರೈವ್. ಅಪ್ಪಟ ಮೂಲ ಸ್ಥಿತಿ. ಬೆಲೆ 24 ಲಕ್ಷ. ಚೌಕಾಸಿ ಇಲ್ಲ.»

ಪುಣೆ ಅಣ್ಣ: ಟಿಳಕವಾಡಿಯಲ್ಲೇ ಇದೆ, ಅತ್ತೆಯ ಮನೆಯ ಹಿಂದಿನ ಓಣಿ. ಕಾಕಾ, ನೀವು ಒಮ್ಮೆ ಹೋಗಿ ನೋಡಿ ಬರುತ್ತೀರಾ? ಇಂಥ ಕಾರು ನಮ್ಮ ಕಡೆ ಮತ್ತೆ ಸಿಗುವುದಿಲ್ಲ. ಚೋರ್ಲಾ ಘಾಟಿನಲ್ಲಿ ಟಾಪು ಇಳಿಸಿಕೊಂಡು ಗೋವಾಕ್ಕೆ ಹೋಗುವುದನ್ನು ಯೋಚಿಸಿ.

ವೈನಿ: ಈ ವಿಷಯ ನನಗೂ ಗುಂಪಿನಿಂದಲೇ ತಿಳಿಯುತ್ತಿದೆ. ನಾವಿಬ್ಬರೂ ಒಂದೇ ಮನೆಯಲ್ಲಿ ವಾಸವಾಗಿದ್ದೇವೆ ಎಂಬುದನ್ನು ಎಲ್ಲರ ಗಮನಕ್ಕೆ ತರುತ್ತೇನೆ.

ಗೋಕಾಕ ಮಾಮಾ: ಆಸನ ಎರಡೇ. ಮಕ್ಕಳು ಹಿಂದೆ ಓಡಿಬರಬೇಕೋ?

ಪುಣೆ ಅಣ್ಣ: ಮಾಮಾ, ಇದು ಖರ್ಚಲ್ಲ, ಹೂಡಿಕೆ. ಭಾರತದಲ್ಲಿ ಇಂಥವು ಬೆರಳೆಣಿಕೆಯಷ್ಟು ಮಾತ್ರ ಇವೆ. ಮುಂಬೈಯಲ್ಲಿ ಇದೇ ಕಾರಿಗೆ 28 ಕೇಳುತ್ತಿದ್ದಾರೆ.

ವೈನಿ: ಕೇಳುತ್ತಿದ್ದಾರೆ ಸರಿ, ಕೊಟ್ಟವರು ಯಾರು? ಬ್ಯಾಂಕಿನಲ್ಲಿ ನಾನು ದಿನವೂ ಮೌಲ್ಯಮಾಪನದ ವರದಿ ಓದುತ್ತೇನೆ. ಜಾಹೀರಾತಿನ ಬೆಲೆಯನ್ನು ಇನ್ನೊಂದು ಜಾಹೀರಾತಿನ ಬೆಲೆಯಿಂದ ಸಮರ್ಥಿಸಿದರೆ ಆ ಕಡತವನ್ನು ವಾಪಸು ಕಳಿಸುತ್ತೇವೆ.

ನಾನು: ಅಣ್ಣ, ಬೆರಳೆಣಿಕೆ ಎಂಬುದು ನಮ್ಮ ದೇಶದ ಮಟ್ಟಿಗೆ ಸರಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅಲ್ಲಿ ಇದು ಅಪರೂಪದ ಕಾರೇ ಅಲ್ಲ, ಹೊಸ ಬಾಡಿಯನ್ನೇ ಇಡಿಯಾಗಿ ತಯಾರಿಸಿ ಮಾರುವವರಿದ್ದಾರೆ. ಇಲ್ಲಿ ದುಬಾರಿಯಾಗಿರುವುದು ಆಮದಿನ ನಿರ್ಬಂಧದಿಂದ. ಆ ನಿರ್ಬಂಧವೂ ಸಡಿಲವಾಗಿದೆ: ಮೊದಲು 1950ಕ್ಕಿಂತ ಹಿಂದಿನ ವಿಂಟೇಜ್ ಕಾರುಗಳಿಗಷ್ಟೇ ಇದ್ದ ಅವಕಾಶವನ್ನು 2025ರಲ್ಲಿ 50 ವರ್ಷ ದಾಟಿದ ವಾಹನಗಳಿಗೂ ಕೊಟ್ಟರು. ಸುಂಕ ಭಾರಿಯೇ ಇದೆ, ಆದರೆ ಬಾಗಿಲು ತೆರೆದಿದೆ. ಬೆಲೆ ಏರುತ್ತಲೇ ಇರುತ್ತದೆ ಎಂದು ನಂಬಿ 24 ಲಕ್ಷ ಸುರಿಯುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊ.

ಪುಣೆ ಅಣ್ಣ: ನೀನೂ ವೈನಿಯ ಪಕ್ಷ ಸೇರಿದೆಯಾ?

ಉದ್ಯಮಬಾಗ ಕಾಕಾ: ಪಕ್ಷ ಆಮೇಲೆ. ಭಾನುವಾರ ವರ್ಕ್‌ಶಾಪಿಗೆ ರಜೆ. ನಿನ್ನ ತಂಗಿಯನ್ನು ಕರೆದುಕೊಂಡು ಹೋಗಿ ನೋಡಿ ಬರುತ್ತೇನೆ. ಅಲ್ಲಿಯವರೆಗೆ ಯಾರೂ ಒಂದು ಪೈಸೆ ಮುಂಗಡ ಕೊಡಬೇಡಿ.

ಟಿಳಕವಾಡಿ ಅತ್ತೆ: ಆ ಬಂಗಲೆಯ ಗ್ಯಾರೇಜೇ? ಗಣಪತಿ ಹಬ್ಬಕ್ಕೆ ಮುಂಚೆ ಅಲ್ಲಿ ಬಣ್ಣ ಹೊಡೆಯುವವರು ಬೀಡುಬಿಟ್ಟಿದ್ದರು. ವಾಸನೆಗೆ ನಾವು ಕಿಟಕಿ ತೆರೆದಿರಲಿಲ್ಲ. ಅದಕ್ಕೂ ಮೊದಲು ಆ ಕಾರು ರಸ್ತೆಗೆ ಬಂದದ್ದನ್ನು ನಾನು ನೋಡಿಲ್ಲ.

ಪುಣೆ ಅಣ್ಣ: ಹೊಸ ಬಣ್ಣ ಒಳ್ಳೆಯದೇ ಅಲ್ಲವೇ ಅತ್ತೆ?

ಉದ್ಯಮಬಾಗ ಕಾಕಾ: ನನ್ನ ಮಟ್ಟಿಗೆ ಅದು ಮೊದಲ ಅನುಮಾನ.

ಭಾನುವಾರ ಮಧ್ಯಾಹ್ನದವರೆಗೆ ಗುಂಪು ಮೌನವಾಗಿತ್ತು. ಅಣ್ಣ ಮಾತ್ರ ಗಂಟೆಗೊಮ್ಮೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದ.

ಉದ್ಯಮಬಾಗ ಕಾಕಾ: ನೋಡಿ ಬಂದೆವು. ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದು.
ಎಂಜಿಬಿಗೆ ಬೇರೆ ಚೌಕಟ್ಟು ಇಲ್ಲ, ಬಾಡಿಯೇ ಚೌಕಟ್ಟು. ಮೇಲೆ ಮಾಡು ಇಲ್ಲವಾದ್ದರಿಂದ ಬಾಗಿಲ ಕೆಳಗಿನ ಎರಡು ಸಿಲ್‌ಗಳೇ ಕಾರಿನ ಬೆನ್ನೆಲುಬು. ಒಳಗೊಂದು ತಗಡು, ನಡುವೆ ಒಂದು, ಹೊರಗೊಂದು. ನೀರು ಹೊಕ್ಕು ನಿಂತರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಮ್ಮ ಬೆಳಗಾವಿಯ ಮಳೆ ನಿನಗೆ ಗೊತ್ತೇ ಇದೆ. ಸರಿಯಾಗಿ ರಿಪೇರಿ ಮಾಡಬೇಕಾದರೆ ಮುಂದಿನ ಮಡ್‌ಗಾರ್ಡಿನ ಕೆಳಭಾಗ ಕತ್ತರಿಸಿ, ಮೂರೂ ಪದರ ಬದಲಿಸಿ, ಮತ್ತೆ ಬೆಸೆಯಬೇಕು. ಸೋಮಾರಿಗಳು ಕೊಳೆತ ಸಿಲ್ಲಿನ ಮೇಲೆ ಹೊಸ ತಗಡು ಅಂಟಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಯುತ್ತಾರೆ.
ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ನೋಡಿದೆ. ಬಲಗಡೆ ಬಾಗಿಲ ಹಿಂದೆ ಅಂಗೈಯಗಲ ಜಾಗದಲ್ಲಿ ಹಿಡಿಯಲೇ ಇಲ್ಲ. ಅಲ್ಲಿರುವುದು ಪುಟ್ಟಿ. ಆಮೇಲೆ ಸಿಲ್ಲಿನ ಹಿಂದಿನ ತುದಿಗೆ ಜಾಕ್ ಕೊಟ್ಟು ಮೆಲ್ಲಗೆ ಎತ್ತಿದೆ. ಚಕ್ರ ನೆಲ ಬಿಡುವ ಮೊದಲೇ ಬಾಗಿಲಿನ ಹಿಂಬದಿಯ ಸಂದು ಕಿರಿದಾಯಿತು. ಬಾಗಿಲು ತೆರೆದು ಮತ್ತೆ ಮುಚ್ಚಲು ಹೋದರೆ ಚಿಲಕ ಕೂರಲಿಲ್ಲ. ಮಾಲೀಕರ ಮಗ ಪಕ್ಕದಲ್ಲೇ ನಿಂತು, ಹಳೆಯ ಕಾರು ಎಂದ ಮೇಲೆ ಹಾಗೆಯೇ ಎಂದ. ಹಾಗಲ್ಲ. ಗಟ್ಟಿ ಸಿಲ್ ಇರುವ ಕಾರಿನಲ್ಲಿ ಆ ಸಂದು ಅಲುಗಾಡುವುದಿಲ್ಲ.

ಪುಣೆ ಅಣ್ಣ: ಎಂಜಿನ್?

ಉದ್ಯಮಬಾಗ ಕಾಕಾ: ಎಂಜಿನ್ ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಷರ್ ಮುಳ್ಳು 50ರ ಮೇಲೆಯೇ ಇತ್ತು, ನಿಂತಲ್ಲಿ 15ರ ಕೆಳಗೆ ಬರಲಿಲ್ಲ. ಕೆಟ್ಟರೂ ಚಿಂತೆಯಿಲ್ಲ, ಎರಕದ ಬ್ಲಾಕು, ಸರಳ ಯಂತ್ರ, ಕ್ರ್ಯಾಂಕ್ ಗ್ರೈಂಡಿಂಗ್ ನಮ್ಮ ಉದ್ಯಮಬಾಗದಲ್ಲೇ ಆಗುತ್ತದೆ. ಒಂದು ಕೆಲಸ ಮಾತ್ರ ಇದೆ. ವಾಲ್ವ್ ಸೀಟು ಸವೆಯದಂತೆ ಕಾಯುತ್ತಿದ್ದ ಸೀಸದ ಪೆಟ್ರೋಲ್ 2000ದಲ್ಲಿ ದೇಶದಲ್ಲಿ ನಿಂತಿತು. ಈ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟು ಹಾಕಿಸಿದ ದಾಖಲೆ ಇಲ್ಲ. ಪೆಟ್ರೋಲ್ ಪೈಪುಗಳು ಹಳೆಯ ರಬ್ಬರಿನವು, ಈಗಿನ ಶೇ 20 ಎಥೆನಾಲ್ ಪೆಟ್ರೋಲಿಗೆ ಅವು ತಾಳುವುದಿಲ್ಲ. ಇವೆಲ್ಲ ಸಣ್ಣ ಬಾಬತ್ತು.

ಪುಣೆ ಅಣ್ಣ: ಹಾಗಾದರೆ ಸಿಲ್ ಕೆಲಸದ ಖರ್ಚು ಕಳೆದು ಬೆಲೆ ಮಾತಾಡೋಣ. ಎಷ್ಟಾದೀತು?

ಉದ್ಯಮಬಾಗ ಕಾಕಾ: ತಗಡು ತರಿಸಿ, ಬೆಸೆದು, ಮತ್ತೆ ಬಣ್ಣ ಹೊಡೆಸುವುದು ಸೇರಿ ನನ್ನ ಅಂದಾಜಿನಲ್ಲಿ ಐದಾರು ಲಕ್ಷ. ಅಂದರೆ ಈಗಿನ ಹೊಳಪಿನ ಬಣ್ಣಕ್ಕೆ ನೀನು ದುಡ್ಡು ಕೊಟ್ಟು, ಅದನ್ನೇ ಕೆರೆಸಲು ಮತ್ತೆ ದುಡ್ಡು ಕೊಡುತ್ತೀಯ. ಆದರೆ ಬೆಲೆಯ ಮಾತು ಇನ್ನೂ ಬಂದಿಲ್ಲ. ತಂಗಿ ನೋಡಿದ್ದನ್ನು ಅವಳೇ ಬರೆಯಲಿ.

ನಾನು: ಕಾಕಾ ಜಾಕ್ ಹಚ್ಚುವಾಗ ನಾನು ಆಸನದ ಹಿಂದಿನ ಮುಚ್ಚಳ ಎತ್ತಿದೆ. 1974ರವರೆಗಿನ ಎಂಜಿಬಿಗಳಲ್ಲಿ ಅಲ್ಲಿ ಎಡಕ್ಕೊಂದು, ಬಲಕ್ಕೊಂದು 6 ವೋಲ್ಟಿನ ಬ್ಯಾಟರಿ ಇರಬೇಕು. ಇಲ್ಲಿರುವುದು ಒಂದೇ 12 ವೋಲ್ಟಿನದು.

ಪುಣೆ ಅಣ್ಣ: ಅದನ್ನು ಎಷ್ಟೋ ಜನ ಬದಲಿಸಿಕೊಳ್ಳುತ್ತಾರೆ. 6 ವೋಲ್ಟಿನದು ಈಗ ಸಿಗುವುದೇ ಕಷ್ಟ.

ನಾನು: ಬ್ಯಾಟರಿಯನ್ನು ಬದಲಿಸಬಹುದು. ಆದರೆ ಎಡಗಡೆ ಪೆಟ್ಟಿಗೆಯೇ ಇಲ್ಲ, ನೆಲದ ತಗಡು ಅಖಂಡವಾಗಿದೆ, ಬೆಸುಗೆಯ ಗುರುತೂ ಕಾಣಲಿಲ್ಲ. ಅನುಮಾನ ಬಂದು ಬಾನೆಟ್ ಎತ್ತಿಸಿದೆ. ರೇಡಿಯೇಟರು ಮುಂದೆ ಜಾಲರಿಯ ಹತ್ತಿರ ಕೂತಿದೆ, ವಿದ್ಯುತ್ ಫ್ಯಾನ್ ಇದೆ. 1972ರ ಕಾರಿನಲ್ಲಿ ರೇಡಿಯೇಟರು ಹಿಂದೆ ಎಂಜಿನ್ನಿಗೆ ಹತ್ತಿರ ಇರುತ್ತದೆ, ಫ್ಯಾನನ್ನು ಎಂಜಿನ್ನೇ ತಿರುಗಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿಬಿಗಳಲ್ಲಿ ರೇಡಿಯೇಟರನ್ನು ಮುಂದಕ್ಕೆ ತಂದದ್ದು 1976ರಲ್ಲಿ.

ಪುಣೆ ಅಣ್ಣ: ಫ್ಯಾನ್ ಕೂಡ ಆಮೇಲೆ ಹಾಕಿಸಿರಬಹುದು. ನಮ್ಮ ಸೆಕೆಗೆ ಬೇಕೇ ಬೇಕು.

ಉದ್ಯಮಬಾಗ ಕಾಕಾ: ಫ್ಯಾನ್ ಹಾಕಿಸಲು ಅರ್ಧ ದಿನ ಸಾಕು. ರೇಡಿಯೇಟರ್ ಕೂರುವ ಅಡ್ಡಪಟ್ಟಿಯನ್ನು ಬಾಡಿಯಲ್ಲಿ ಮುಂದಕ್ಕೆ ಸರಿಸಲು ಯಾರಿಗೆ ಹುಚ್ಚು? ಇನ್ನೊಂದು ಮಾತು. ಓವರ್‌ಡ್ರೈವ್ ಸ್ವಿಚ್ಚು ಗೇರಿನ ಗುಂಡಿಯ ಮೇಲಿದೆ, ಅದೂ 1976ರ ಬದಲಾವಣೆಯ ಕಾಲದ್ದೇ. ಕಾರು ನಿಂತ ಎತ್ತರವೂ ನನಗೆ ಹೆಚ್ಚೆನಿಸಿತು. 1974ರ ಕೊನೆಗೆ ಅಮೆರಿಕದ ನಿಯಮಕ್ಕಾಗಿ ಕಪ್ಪು ರಬ್ಬರ್ ಬಂಪರ್ ಹಾಕಿದಾಗ ಕಾರನ್ನು ಒಂದೂವರೆ ಇಂಚಿನಷ್ಟು ಎತ್ತರಿಸಿದರು. ಆ ರಬ್ಬರ್ ಮೂತಿ ಯಾರಿಗೂ ಹಿಡಿಸದೆ, ಅದನ್ನು ಕಿತ್ತು ಕ್ರೋಮ್ ಬಂಪರ್ ಹಾಕಿಸಿಕೊಳ್ಳುವುದು ಇಂಗ್ಲೆಂಡಿನಲ್ಲೇ ದೊಡ್ಡ ಕಸುಬು. ಹಾಕಿಸಿಕೊಂಡದ್ದು ತಪ್ಪಲ್ಲ. ಹಾಕಿಸಿಕೊಂಡು 1972 ಎಂದು ಮಾರುವುದು ತಪ್ಪು.

ವೈನಿ: ಅಂದರೆ 1976ರ ನಂತರದ ಬಾಡಿಗೆ 1972ರ ಬೆಲೆ?

ಗೋಕಾಕ ಮಾಮಾ: ಬೆಲೆಯ ಮಾತು ಬಿಡಮ್ಮ. ಆರ್.ಸಿ.ಯಲ್ಲಿ ಯಾವ ವರ್ಷ ಇದೆ?

ನಾನು: 1972. ಹಳೆಯ ಮೂರಕ್ಷರದ ಮಹಾರಾಷ್ಟ್ರ ನೋಂದಣಿ. ಜೆರಾಕ್ಸ್ ಮಾತ್ರ ತೋರಿಸಿದರು, ಅದರಲ್ಲಿ ಚಾಸಿ ಸಂಖ್ಯೆಯ ಜಾಗ ಮಸುಕಾಗಿದೆ. ಕಾರಿನ ಮೇಲಿನ ಫಲಕದ ಫೋಟೋ ತೆಗೆಯಲು ಹೋದಾಗ ಮಗ ಬಾನೆಟ್ ಮುಚ್ಚಿದ.

ಗೋಕಾಕ ಮಾಮಾ: ಹಾಗಾದರೆ ಕೇಳು ತಮ್ಮಾ. 1972ರಲ್ಲಿ ನೋಂದಣಿಯಾದ ಕಾರಿಗೆ 1976ರ ನಂತರದ ಬಾಡಿ ಇರಬೇಕಾದರೆ, ಒಂದು ಕಾರಿನ ಕಾಗದ ಇನ್ನೊಂದು ಕಾರಿಗೆ ಅಂಟಿದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್.ಸಿ.ಯ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಎರಡನೆಯ ಕಾರು ದೇಶದೊಳಕ್ಕೆ ಬಂದದ್ದು ಹೇಗೆ? ಆ ಕಾಲದಲ್ಲಿ ರಾಯಭಾರ ಕಚೇರಿಯವರ ಕಾರುಗಳನ್ನು ಸರ್ಕಾರಿ ಸಂಸ್ಥೆಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ವಿಲೇವಾರಿ ಮಾಡುತ್ತಿದ್ದರು. ಹಾಗೆ ಬಂದಿದ್ದರೆ ಕಾಗದ ಇರಬೇಕು. ಸುಂಕ ಕಟ್ಟಿದ ದಾಖಲೆ ಇಲ್ಲದಿದ್ದರೆ ಕೊಂಡವನ ಕೊರಳಿಗೇ ಬೀಳುತ್ತದೆ.
ಇನ್ನು ನಿನ್ನ ಗೋವಾ ಕನಸು. ಬೇರೆ ರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಮರುನೋಂದಣಿ ಮಾಡಿಸಬೇಕು.

ಪುಣೆ ಅಣ್ಣ: ನಾನಿರುವುದು ಪುಣೆಯಲ್ಲಿ ಮಾಮಾ. ಮಹಾರಾಷ್ಟ್ರದ ನೋಂದಣಿ ನನಗೆ ಅನುಕೂಲವೇ. ಅಲ್ಲದೆ ವಿಂಟೇಜ್ ನೋಂದಣಿ ಮಾಡಿಸಿದರೆ ಎಲ್ಲ ಸುಲಭ ಎನ್ನುತ್ತಾರೆ.

ಗೋಕಾಕ ಮಾಮಾ: ಯಾರು ಎನ್ನುತ್ತಾರೆ? ಮಾರುವವರೇ? 2021ರ ನಿಯಮ ಓದು. 50 ವರ್ಷ ದಾಟಿರಬೇಕು, ಮೂಲ ಸ್ವರೂಪದಲ್ಲಿರಬೇಕು. ಹೊಸ ನೋಂದಣಿಗೆ ಶುಲ್ಕ 20 ಸಾವಿರ, ಅವಧಿ 10 ವರ್ಷ. ನೋಂದಣಿ ಕೈಗೆ ಬಂದ ಮೇಲೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥವಕ್ಕಷ್ಟೇ ರಸ್ತೆಗೆ ಇಳಿಸಬೇಕು. ದಿನಬಳಕೆಗೆ ಓಡಿಸುವಂತಿಲ್ಲ. ಮೂಲ ಸ್ವರೂಪ ಎಂದು ನೀನು ಬರೆದುಕೊಟ್ಟ ಅರ್ಜಿಯ ಜೊತೆಗೆ ಈ ಬಾಡಿಯ ಫೋಟೋ ಇಡುತ್ತೀಯಾ?

ಅಣ್ಣ ಬಹಳ ಹೊತ್ತು ಉತ್ತರಿಸಲಿಲ್ಲ. ಈ ನಡುವೆ ಅತ್ತೆ ಕುಂದಾದ ಫೋಟೋ ಹಾಕಿ, ಪುಣೆಗೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಪುಣೆ ಅಣ್ಣ: ನೀವೆಲ್ಲ ಹೇಳುವುದು ಅನುಮಾನಗಳನ್ನು. ಸಾಬೀತಾಗಿದೆಯೇ?

ನಾನು: ಇಲ್ಲ. ಸಾಬೀತುಮಾಡುವ ದಾರಿ ಇದೆ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಬಳಿ ಎಂಜಿ ಕಾರ್ಖಾನೆಯ ದಾಖಲೆಗಳಿವೆ. ಚಾಸಿ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ, ಆ ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣದಲ್ಲಿ, ಎಲ್ಲಿಗೆ ಹೋಯಿತು ಎಂದು ಹೆರಿಟೇಜ್ ಪ್ರಮಾಣಪತ್ರ ಕೊಡುತ್ತಾರೆ. 24 ಲಕ್ಷ ಕೇಳುವವರು ಅದನ್ನು ತಾವೇ ತರಿಸಿಡಬೇಕಿತ್ತು. ಸಂಖ್ಯೆ ಕೇಳು. ಫಲಕದಲ್ಲಿರುವುದು, ಆರ್.ಸಿ.ಯಲ್ಲಿರುವುದು, ಎರಡೂ.

ವೈನಿ: ಪ್ರಾಮಾಣಿಕವಾಗಿ 1977ರ ಕಾರು, ಬಂಪರ್ ಬದಲಿಸಿದ್ದೇವೆ, ಸಿಲ್ ಹೋಗಿದೆ, ಕಾಗದ ಸರಿಯಾಗಿದೆ ಎಂದು ಹೇಳಿದ್ದರೆ ಎಷ್ಟು ಬೆಲೆ ಬಾಳುತ್ತಿತ್ತು ಕಾಕಾ? ಕುತೂಹಲಕ್ಕೆ ಕೇಳುತ್ತಿದ್ದೇನೆ.

ಉದ್ಯಮಬಾಗ ಕಾಕಾ: ನಾನಾದರೆ 10ರಿಂದ ಶುರುಮಾಡಿ 12ಕ್ಕೆ ನಿಲ್ಲುತ್ತಿದ್ದೆ. ಎಂಜಿನ್ ಕೇಳಿದರೆ ಮನಸ್ಸು ಕರಗುತ್ತದೆ, ಸುಳ್ಳು ಹೇಳಬಾರದು. ಕಾಗದ ಸರಿಯಿಲ್ಲದಿದ್ದರೆ ಎರಡು ಲಕ್ಷಕ್ಕೂ ಬೇಡ.

ವೈನಿ: 12 ಎಂದರೆ ನಾನೂ ಮಾತಿಗೆ ಕೂರುತ್ತಿದ್ದೆ. ಗುಂಪಿನಲ್ಲಿ ಇದು ದಾಖಲಾಗಿರಲಿ.

ಪುಣೆ ಅಣ್ಣ: ಇದನ್ನು ಮೊದಲೇ ಹೇಳಬಾರದಿತ್ತೇ?

ವೈನಿ: ಮೊದಲು ಕೇಳಿದ್ದರೆ ಹೇಳುತ್ತಿದ್ದೆ.

ಮರುದಿನ ಸಂಜೆ.

ಪುಣೆ ಅಣ್ಣ: ಮಾಲೀಕರ ಮಗನೊಂದಿಗೆ ಮಾತಾಡಿದೆ. ಚಾಸಿ ಸಂಖ್ಯೆಯನ್ನು 50 ಸಾವಿರ ಮುಂಗಡ ಕೊಟ್ಟವರಿಗೆ ಮಾತ್ರ ತೋರಿಸುತ್ತಾರಂತೆ. ನಾನು ಒಪ್ಪಲಿಲ್ಲ. ಕೂಡಲೇ 19ಕ್ಕೆ ಕೊಡುತ್ತೇನೆ, ಇಂದೇ ಮುಗಿಸೋಣ ಎಂದರು.

ವೈನಿ: ಚೌಕಾಸಿ ಇಲ್ಲ ಎಂದವರು ಒಂದೇ ಉಸಿರಿಗೆ ಐದು ಲಕ್ಷ ಬಿಟ್ಟರು, ಸಂಖ್ಯೆ ಮಾತ್ರ ಬಿಡಲಿಲ್ಲ.

ಗೋಕಾಕ ಮಾಮಾ: ಮುಂಗಡ ಕೊಡಲಿಲ್ಲವಲ್ಲ, ಅದನ್ನು ಮೊದಲು ಹೇಳು.

ಪುಣೆ ಅಣ್ಣ: ಕೊಡಲಿಲ್ಲ ಮಾಮಾ, ಬೇಡ ಎಂದು ಬರೆದು ಕಳಿಸಿದೆ. ಕೊಲ್ಹಾಪುರದಲ್ಲಿ ಇನ್ನೊಂದು ಇದೆಯಂತೆ, ರಬ್ಬರ್ ಬಂಪರಿನದೇ, ಮರೆಮಾಚಿಲ್ಲ. ಫೋಟೋ ಕಳಿಸಲೇ ಕಾಕಾ?

ಉದ್ಯಮಬಾಗ ಕಾಕಾ: ಫೋಟೋ ಬೇಡ. ಚಾಸಿ ಸಂಖ್ಯೆ, ಆರ್.ಸಿ., ಸುಂಕದ ಕಾಗದ ಮೊದಲು ತರಿಸು. ಅವು ಬಂದ ಮೇಲೆ ಯಾವ ಭಾನುವಾರ ಎಂದು ಹೇಳುತ್ತೇನೆ.