ಮರಿ ‘ಒಪ್ಪಿತು’ ಎಂದಾಗ ಒಪ್ಪಿದ್ದು ಯಾರು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಕರ್ತೃ ಸಿಗದೆ ವಾರದಿಂದ ಒದ್ದಾಡುತ್ತಿದ್ದೇನೆ. ಪದವೇನೂ ನಿಘಂಟು ತೆರೆದು ನೋಡಬೇಕಾದಂಥದ್ದಲ್ಲ: ‘ಒಪ್ಪು’. ಸಂದರ್ಭ ಬಿಟ್ಟು ಕೇಳಿದರೆ ನೀವು ನಕ್ಕುಬಿಡುತ್ತೀರಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಪ್ರಾಣಿಗಳ ಹಕ್ಕುಗಳ ಬಗ್ಗೆ ಶಾಲೆಯ ಮಕ್ಕಳಿಗಾಗಿ ಬರೆದ ಒಂದು ಕಿರುಪುಸ್ತಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಮಾಂಸ ತಿನ್ನುವವನು ಎಂದು ಮೊದಲೇ ತಿಳಿಸಿದ್ದೆ. ಕೆಲಸ ಕೊಟ್ಟವರಿಗೆ ಅದರಿಂದ ತೊಂದರೆ ಇರಲಿಲ್ಲ. ‘ತನ್ನನ್ನು ಕೊಲ್ಲಲು ಯಾವ ಪ್ರಾಣಿಯೂ ಒಪ್ಪಿಗೆ ಕೊಡಲಾರದು’ ಎಂಬ ಒಂದು ಸಾಲನ್ನು ಹೆಚ್ಚು ಯೋಚಿಸದೆ ಬರೆದು ಮುಂದೆ ಹೋಗಿದ್ದೆ. ಕರಡು ಓದಿದ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಅವಳು ಮಾಂಸವಿರಲಿ, ಹಾಲು ಮೊಸರನ್ನೂ ಬಿಟ್ಟು ಎರಡು ವರ್ಷವಾಗಿದೆ. “ಮಾವ, ನಮ್ಮೂರ ಹಬ್ಬದಲ್ಲಿ ಮರಿಯ ಮೇಲೆ ನೀರು ಹಾಕಿ ‘ಒಪ್ಪಿತು, ಒಪ್ಪಿತು’ ಎನ್ನುತ್ತಿದ್ದರಲ್ಲ, ಒಪ್ಪಿದ್ದು ಯಾರು?” ಎಂದು ಕೇಳಿದಳು. ಉತ್ತರ ತಿಳಿದೇ ಇದೆ ಎಂದುಕೊಂಡು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ.

ನಮ್ಮೂರು ಮಳವಳ್ಳಿ ಕಡೆಯದು. ಮಾರಿಹಬ್ಬದ ದಿನ ಗುಡಿಯಿಂದ ಸ್ವಲ್ಪ ಆಚೆ, ಹುಣಸೆಮರದ ಕೆಳಗೆ ಮರಿಯನ್ನು ನಿಲ್ಲಿಸುತ್ತಿದ್ದರು. (ಹೊರಗಿನವರಿಗಾಗಿ ಹೇಳುತ್ತಿದ್ದೇನೆ: ನಮ್ಮಲ್ಲಿ ಮರಿ ಎಂದರೆ ಎಳೆಯದೇ ಆಗಬೇಕಿಲ್ಲ, ಹಬ್ಬಕ್ಕೆ ಬಿಟ್ಟ ಬಲಿತ ಟಗರೂ ಮರಿಯೇ.) ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಒಬ್ಬರು ಹಿತ್ತಾಳೆಯ ಚೊಂಬಿನಿಂದ ತಲೆಯಿಂದ ಬೆನ್ನಿನುದ್ದಕ್ಕೂ ನೀರು ಸುರಿಯುತ್ತಾರೆ. ಸುತ್ತ ನಿಂತವರೆಲ್ಲ ಸುಮ್ಮನಾಗುತ್ತಾರೆ. ಮರಿ ಕಿವಿ ಬಡಿದು, ತಲೆಯಿಂದ ಬಾಲದವರೆಗೆ ಮೈ ಕೊಡವುತ್ತದೆ, ಹನಿಗಳು ನಮ್ಮ ಮುಖದವರೆಗೆ ಹಾರುತ್ತವೆ. ಆಗ ‘ಒಪ್ಪಿತು!’ ಎಂದು ನಾಲ್ಕಾರು ಬಾಯಿಗಳಿಂದ ಒಟ್ಟಿಗೆ ಬರುತ್ತದೆ. ಊರಿನ ಬಾಯಲ್ಲಿ ಅದು ಇನ್ನೂ ಮೊಟಕು, ಇಲ್ಲಿ ಬರಹದ ರೂಪದಲ್ಲೇ ಕೊಟ್ಟಿದ್ದೇನೆ. ಒಂದು ವರ್ಷ ನಾನು ತೀರ ಹತ್ತಿರ ನಿಂತಿದ್ದೆ. ನೀರು ಬೀಳುವ ಮೊದಲು ಆ ಮರಿ ತನ್ನ ಕೊರಳಿನ ಹಾರದ ತುದಿಯನ್ನೇ ಎಳೆದುಕೊಂಡು ಮೆಲ್ಲುತ್ತಿತ್ತು.

ಈಗ ವ್ಯಾಕರಣಕ್ಕೆ ಬರೋಣ. ‘ಒಪ್ಪಿತು’ ಎಂಬುದು ನಪುಂಸಕಲಿಂಗದ ರೂಪ, ಆದ್ದರಿಂದ ಕರ್ತೃ ಮರಿಯೇ ಎಂದು ಪುಸ್ತಕ ಓದಿದವರು ಹೇಳಬಹುದು. ಒಪ್ಪಿದ್ದು ಮಾರಮ್ಮನಾಗಿದ್ದರೆ ‘ಒಪ್ಪಿದಳು’ ಎನ್ನಬೇಕಿತ್ತು. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸರ ಬಗ್ಗೆ ಮಾತನಾಡುವಾಗಲೂ ಕ್ರಿಯಾಪದ ನಪುಂಸಕದಲ್ಲೇ ಬರುತ್ತದೆ. ‘ಅಕ್ಕ ಬಂದಿತು’, ‘ಅಮ್ಮ ಬೈದಿತು’ ಎನ್ನುವುದರಲ್ಲಿ ಅಗೌರವವಿಲ್ಲ, ಸಲಿಗೆ ಇದೆ. ಮಾರಮ್ಮನೂ ಹಾಗೆಯೇ ‘ಬಂದಿತು’, ‘ಕೇಳಿತು’, ‘ಒಪ್ಪಿತು’. ಕರ್ತೃವನ್ನು ಬಿಟ್ಟು ಮಾತನಾಡುವುದಂತೂ ಕನ್ನಡದ ಹುಟ್ಟುಗುಣ. ಹೀಗಾಗಿ ಆ ಒಂದು ಪದದೊಳಗೆ ಮರಿ, ಅಮ್ಮ ಇಬ್ಬರೂ ಅಡಗಿದ್ದಾರೆ. ಊರಿನಲ್ಲಿರುವ ನಮ್ಮ ಚಿಕ್ಕಪ್ಪನವರಿಗೆ ಫೋನ್ ಮಾಡಿ ಕೇಳಿದೆ. “ಅಮ್ಮ ಒಪ್ಪಿತು” ಎಂದರು. ಚಿಕ್ಕಮ್ಮ ಹಿಂದಿನಿಂದ “ಮರಿ ಒಪ್ಪದೆ ಅಮ್ಮ ಹೇಗೆ ಒಪ್ಪುತ್ತದೆ?” ಎಂದು ಕೂಗಿದ್ದು ಕೇಳಿಸಿತು. ಇಬ್ಬರೂ ಅರವತ್ತು ವರ್ಷ ಅದೇ ಹಬ್ಬ ಮಾಡಿದವರು.

ಇದರ ಎಳೆ ಹಿಡಿದು ಹೋದಾಗ ಕೊಲ್ಲುವುದಕ್ಕೆ ನಾವು ಬಳಸುವ ಪದಗಳ ರಾಶಿಯೇ ಎದುರಾಯಿತು. ಕೋಳಿಯನ್ನು ‘ಕೊಯ್ಯುತ್ತೇವೆ’, ಕುರಿಯನ್ನು ‘ಕಡಿಯುತ್ತೇವೆ’, ಹಬ್ಬಕ್ಕೆ ಮರಿ ‘ಹೊಡೆಯುತ್ತೇವೆ’. ರಾಗಿಯನ್ನೂ ಕೊಯ್ಯುತ್ತೇವೆ, ಮರವನ್ನೂ ಕಡಿಯುತ್ತೇವೆ. ‘ಕೊಲ್ಲು’ ಎಂಬ ನೇರವಾದ ಪದ ಇವುಗಳ ಹತ್ತಿರ ಸುಳಿಯುವುದಿಲ್ಲ. ‘ಭಾನುವಾರ ಕೋಳಿ ಕೊಂದೆವು’ ಎಂದು ಯಾರಾದರೂ ಅಂದರೆ ಏನೋ ಅವಘಡವಾಗಿದೆ, ಸ್ಕೂಟರ್ ಹತ್ತಿಸಿರಬೇಕು ಎಂದುಕೊಳ್ಳುತ್ತೇವೆ. ಕೊಲ್ಲುವುದು ಹಾವನ್ನು, ಸೊಳ್ಳೆಯನ್ನು, ಇಲಿಯನ್ನು. ತಿನ್ನದ ಪ್ರಾಣಿಯನ್ನು ಕೊಲ್ಲುತ್ತೇವೆ, ತಿನ್ನುವ ಪ್ರಾಣಿಯನ್ನು ಕೊಯ್ಯುತ್ತೇವೆ. ಕೊಲ್ಲು ಎಂಬುದರ ನಾಮಪದವಾದ ‘ಕೊಲೆ’ ಇನ್ನೂ ಬಿಗುಮಾನದ್ದು, ಇಂದಿನ ಬಳಕೆಯಲ್ಲಿ ಅದು ಮನುಷ್ಯರಿಗಷ್ಟೇ ಮೀಸಲು. ಹಾವನ್ನು ಕೊಂದರೂ ಹಾವಿನ ‘ಕೊಲೆ’ ಆಗುವುದಿಲ್ಲ.

ಸಂಸ್ಕೃತದಿಂದ ಬಂದವು ಇನ್ನೊಂದು ಬಗೆ. ‘ವಧೆ’ ಎಂದ ಕೂಡಲೇ ನಮಗೆ ನೆನಪಾಗುವುದು ಕೀಚಕ ವಧೆ, ಕಂಸ ವಧೆ. ಸತ್ತವನು ಸಾಯಬೇಕಾದವನೇ, ಕೊಂದವನಿಗೆ ಹೂಮಳೆ. ‘ಹತ್ಯೆ’ ಇದಕ್ಕೆ ತಿರುಗುಮುರುಗು, ಅಲ್ಲಿ ಕೊಂದವನಿಗೆ ಪಾಪ ಅಂಟಿಕೊಳ್ಳುತ್ತದೆ: ಬ್ರಹ್ಮಹತ್ಯೆ, ಶಿಶುಹತ್ಯೆ. ಮಹಾವೀರ ಜಯಂತಿಗೋ ಗಾಂಧಿ ಜಯಂತಿಗೋ ಬೆಂಗಳೂರಿನಲ್ಲಿ ಮಾಂಸದಂಗಡಿ ಮುಚ್ಚಿಸುವಾಗ ಪ್ರಕಟಣೆಯಲ್ಲಿ ಬರುವುದು ‘ಪ್ರಾಣಿವಧೆ’. ದನದ ಮಾತು ಬಂದರೆ ಮಾತ್ರ ‘ಗೋಹತ್ಯೆ’. ಕುರಿಹತ್ಯೆ, ಕೋಳಿಹತ್ಯೆ ಎಂದು ಎಲ್ಲಾದರೂ ಓದಿದ್ದೀರಾ? ಕರ್ನಾಟಕದ 2020ರ ಜಾನುವಾರು ಕಾಯ್ದೆಯ ವ್ಯಾಪ್ತಿಗೆ ಹಸು, ಕರು, ಹೋರಿ, ಎತ್ತುಗಳ ಜೊತೆಗೆ 13 ವರ್ಷದೊಳಗಿನ ಎಮ್ಮೆ ಕೋಣಗಳೂ ಸೇರುತ್ತವೆ. ಪತ್ರಿಕೆಗಳ ತಲೆಬರಹದಲ್ಲಿ ಮಾತ್ರ ಅದು ಅಂದಿನಿಂದ ಇಂದಿನವರೆಗೆ ‘ಗೋಹತ್ಯೆ ನಿಷೇಧ ಕಾಯ್ದೆ’. ಪಾಪ, ಎಮ್ಮೆಗೆ ರಕ್ಷಣೆ ಸಿಕ್ಕಿತು, ಹೆಸರು ಸಿಗಲಿಲ್ಲ.

ಇಷ್ಟೆಲ್ಲ ಹರಡಿಕೊಂಡು ನೋಡಿದಾಗ ನನಗೆ ಕಂಡದ್ದು ಇದು: ಈ ಪದಗಳೆಲ್ಲ ಕೊಲ್ಲುವವನ ಕಡೆಯಿಂದ ಹುಟ್ಟಿದವು. ಯಾವ ಉದ್ದೇಶಕ್ಕೆ, ಯಾವ ಮನಸ್ಸಿನಿಂದ, ಯಾವ ಆಯುಧದಿಂದ ಎಂಬುದಕ್ಕೆ ತಕ್ಕಂತೆ ಪದ ಬದಲಾಗುತ್ತದೆ. ಮರಿಯ ಕಡೆಯಿಂದ ಆಡಿದ ಪದ ಒಂದೇ ಒಂದು, ಅದು ‘ಒಪ್ಪಿತು’. ಅದನ್ನು ಆಡುವವರೂ ನಾವೇ.

ಉದ್ದೇಶದ ಮೇಲೆ ಪದ ನಿಲ್ಲುವುದಕ್ಕೆ ಚಿಕ್ಕಲ್ಲೂರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಚಾಮರಾಜನಗರ ಜಿಲ್ಲೆಯ ಈ ಸಿದ್ದಪ್ಪಾಜಿ ಜಾತ್ರೆ ಐದು ದಿನ ನಡೆಯುತ್ತದೆ. ಅದರಲ್ಲಿ ಒಂದು ದಿನ ಪಂಕ್ತಿಸೇವೆ. ಜನ ತಮ್ಮ ತಮ್ಮ ಬಿಡಾರಗಳಲ್ಲಿ ಮರಿ ಕಡಿದು, ಅಡುಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಇದು ಪ್ರಾಣಿಬಲಿ, ತಡೆಯಬೇಕು ಎಂದು ಒಂದು ಕಡೆಯವರು ಪಟ್ಟು ಹಿಡಿದಿದ್ದಾರೆ. ಇಲ್ಲಿ ದೇವರಿಗೆ ರಕ್ತ ಕೊಡುವುದಿಲ್ಲ, ಮಾಂಸ ಎಡೆ ಇಡುವುದಿಲ್ಲ, ಇದು ಊಟ, ಬಲಿಯಲ್ಲ ಎನ್ನುವುದು ಸಿದ್ದಪ್ಪಾಜಿಗೆ ನಡೆದುಕೊಳ್ಳುವ ಒಕ್ಕಲಿನವರ ಮಾತು. ಜಗಳವಿರುವುದು ಒಂದು ಪದದ ಅರ್ಥದ ಮೇಲೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯೂ ಬಲಿಯನ್ನು ಉದ್ದೇಶದಿಂದಲೇ ಅಳೆಯುತ್ತದೆ: ದೇವರನ್ನು ತೃಪ್ತಿಪಡಿಸುವ ಉದ್ದೇಶದಿಂದ ಪ್ರಾಣಿಯನ್ನು ಕೊಂದರೆ ಬಲಿ. ಹಸಿವಾಯಿತೆಂದು ಕೊಂದರೆ ಆ ಕಾಯ್ದೆಗೆ ಅದರ ಗೊಡವೆ ಇಲ್ಲ. ಪದಾರ್ಥದ ಮಟ್ಟಿಗೆ ಒಕ್ಕಲಿನವರು ಹೇಳುವುದೇ ಸರಿ ಎಂದು ನನಗೆ ತೋರುತ್ತದೆ. ಉದ್ದೇಶ ಯಾವುದಾದರೂ ಮರಿಗೆ ಒಂದೇ ಎಂದು ನಮ್ಮ ಹುಡುಗಿ ಹೇಳಿದಳು, ಅದಕ್ಕೂ ನನ್ನ ಹತ್ತಿರ ಉತ್ತರವಿಲ್ಲ.

ಉದ್ದೇಶದ ಈ ತಕ್ಕಡಿಯನ್ನು ನಮ್ಮ ಭಾಷೆಯಲ್ಲಿ ತುತ್ತತುದಿಯವರೆಗೆ ಒಯ್ದವನು ಜನ್ನ. 1209ರ ಸುಮಾರಿನ ‘ಯಶೋಧರ ಚರಿತೆ’ಯಲ್ಲಿ ಅರಸ ನಿಜವಾದ ಕೋಳಿಯನ್ನು ಕೊಲ್ಲಲೊಲ್ಲದೆ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿ ಮಾಡಿಸಿ ಕಡಿಯುತ್ತಾನೆ. ಅದು ಕೂಗಿಬಿಡುತ್ತದೆ. ಜೈನರ ಲೆಕ್ಕದಲ್ಲಿ ಅದು ಸಂಕಲ್ಪಹಿಂಸೆ, ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೀರಿಸುತ್ತಾರೆ. ಸಾಯಲು ಕೋಳಿಯೇ ಇಲ್ಲದ ಕಡೆಯೂ ಕೊಲ್ಲುವವನ ಮನಸ್ಸೊಂದಿದ್ದರೆ ಸಾಕು. ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವ ನಾವು ಇದನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಇಡೀ ಸಾಲಿನಲ್ಲಿ ನೇರ ಪದ ಆಡಿದವನು ಬಸವಣ್ಣ. ‘ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರ ಮೇಯಿತ್ತು’ ಎಂದು ಶುರುವಾಗುವ ವಚನದ ಮುಂದಿನ ಮಾತು ‘ಕೊಂದಹರೆಂಬುದನರಿಯದೆ’. ಕೊಯ್ದಹರು ಅಲ್ಲ, ಕಡಿದಹರು ಅಲ್ಲ. ಇನ್ನೂ ಮುಖ್ಯವಾದದ್ದು ಆ ಕುರಿ ಏನನ್ನೂ ಒಪ್ಪಿಲ್ಲ ಎಂಬುದು, ಅದಕ್ಕೆ ಗೊತ್ತೇ ಇಲ್ಲ. ಹಾರ ಮೆಲ್ಲುತ್ತಿದ್ದ ನಮ್ಮೂರ ಮರಿಯನ್ನು ನೆನೆದಾಗಲೆಲ್ಲ ನನಗೆ ಈ ವಚನ ಯಾರೋ ಪಕ್ಕದಲ್ಲಿ ನಿಂತು ನೋಡಿ ಹೇಳಿದಂತೆ ಕೇಳಿಸುತ್ತದೆ. ಇಂದಿನ ಪತ್ರಿಕೆಗಳಲ್ಲೂ ‘ಹರಕೆಯ ಕುರಿ’ ಎಂಬ ನುಡಿಗಟ್ಟು ಇದೇ ಅರ್ಥ ಉಳಿಸಿಕೊಂಡಿದೆ. ಸೋಲುವುದು ಖಚಿತವಾದ ಕ್ಷೇತ್ರದಲ್ಲಿ ಪಕ್ಷ ನಿಲ್ಲಿಸಿದ ಅಭ್ಯರ್ಥಿ ಹರಕೆಯ ಕುರಿ, ಮೇಲಿನವರ ತಪ್ಪಿಗೆ ಅಮಾನತಾದ ಗುಮಾಸ್ತ ಬಲಿಪಶು. ಅಂದರೆ ಮನುಷ್ಯನಿಗೆ ಹೋಲಿಸುವಾಗ ಕುರಿ ಒಪ್ಪಿರಲಿಲ್ಲ ಎಂಬುದು ನಮ್ಮ ಭಾಷೆಗೆ ಚೆನ್ನಾಗಿ ಗೊತ್ತು. ಕುರಿಯೇ ಎದುರಿಗೆ ನಿಂತಾಗ ಮಾತ್ರ ‘ಒಪ್ಪಿತು’.

ಇದರ ಜೊತೆಗಿಡಬಹುದಾದ ಇನ್ನೊಂದು ಬಳಕೆ ಇದೆ. ‘ನೀವು ತಿನ್ನುತ್ತೀರಾ?’ ಎಂದು ಯಾರಾದರೂ ಕೇಳಿದರೆ ಏನನ್ನು ಎಂದು ನಾವು ಮರುಪ್ರಶ್ನೆ ಹಾಕುವುದಿಲ್ಲ. ‘ನಮ್ಮಲ್ಲಿ ತಿನ್ನುವುದಿಲ್ಲ’, ‘ಸೋಮವಾರ ತಿನ್ನುವುದಿಲ್ಲ’. ಮಾಂಸದ ಹೆಸರೆತ್ತದೆ ಮಾತು ಮುಗಿಯುತ್ತದೆ. ಕೊಲ್ಲುವಾಗ ಕರ್ತೃ ಮಾಯ, ತಿನ್ನುವಾಗ ಕರ್ಮ ಮಾಯ. ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ‘ಬಾಡೂಟ ಬೇಕು’ ಎಂಬ ಕೂಗು ಎದ್ದಿತಲ್ಲ, ಅದು ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಮದ್ಯ, ತಂಬಾಕುಗಳ ಸಾಲಿನಲ್ಲಿ ‘ಮಾಂಸಾಹಾರ’ವನ್ನೂ ಸೇರಿಸಿ ನಿಷೇಧಿಸಿದ್ದಕ್ಕೆ ಜನ ಮುಚ್ಚುಮರೆಯಿಲ್ಲದ ‘ಬಾಡು’ ಎಂಬ ಪದವನ್ನೇ ಎತ್ತಿ ಹಿಡಿದರು. ತಿನ್ನುವುದಾದರೆ ಹೆಸರು ಹೇಳಿ ತಿನ್ನಬೇಕು. ಕೊಲ್ಲುವುದನ್ನೂ ಹಾಗೆಯೇ ಹೆಸರು ಹಿಡಿದು ಹೇಳಬೇಕಾಗುತ್ತದೆ ಎಂಬುದು ಆಮೇಲೆ ಹೊಳೆದ ವಿಷಯ.

ಅನುವಾದದಲ್ಲಿ ‘ಕೊಲ್ಲು’ ಎಂದೇ ಇಟ್ಟಿದ್ದೇನೆ. ವಧೆ, ಹತ್ಯೆ ಎರಡನ್ನೂ ತೆಗೆದೆ, ಎರಡರಲ್ಲೂ ತೀರ್ಪು ಮೊದಲೇ ಕುಳಿತಿದೆ. ‘ಪ್ರಾಣಿ ಹಕ್ಕು’ ಎಂಬ ಸಮಾಸವನ್ನೂ ಒಡೆದು ‘ಪ್ರಾಣಿಗಳಿಗಿರುವ ಹಕ್ಕು’ ಎಂದು ಬರೆದೆ. ಆಹಾರ ಹಕ್ಕು ಎಂದರೆ ಆಹಾರವನ್ನು ಪಡೆಯುವ ಹಕ್ಕು. ಅದೇ ಅಚ್ಚಿನಲ್ಲಿ ಪ್ರಾಣಿ ಹಕ್ಕು ಎಂದರೆ ಪ್ರಾಣಿಯನ್ನು ಪಡೆಯುವ ಹಕ್ಕು ಎಂದು ಯಾವನಾದರೂ ಚುರುಕು ಹುಡುಗ ಅರ್ಥ ಹೇಳಿದರೆ ತಪ್ಪೆನ್ನಲಾಗದು! ಇಷ್ಟಾಗಿಯೂ ನಮ್ಮ ಕಾನೂನಿನ ಭಾಷೆ ಆ ‘ಇರುವ’ ಎಂಬಲ್ಲಿಗೆ ಇನ್ನೂ ತಲುಪಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಮು ಹೇಳುವುದು ಪ್ರಾಣಿಯನ್ನು ಇಟ್ಟುಕೊಂಡವನ ಕರ್ತವ್ಯವನ್ನು. ಜಲ್ಲಿಕಟ್ಟು, ಕಂಬಳಗಳ ಪ್ರಕರಣದಲ್ಲಿ 2023ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಎನ್ನಲು ಮುಂದಾಗಲಿಲ್ಲ. ಅಲ್ಲಿಯೂ ವಾಕ್ಯದ ಕರ್ತೃ ಮನುಷ್ಯನೇ.

ಈಗ ಬಳಗದವರಿಗೆ ನನ್ನ ಪ್ರಶ್ನೆ. ನೀರು ಹಾಕಿ ಮೈ ಕೊಡವುವುದನ್ನು ಕಾಯುವ ಪದ್ಧತಿ ನಿಮ್ಮ ಕಡೆ ಇದ್ದರೆ ಆ ಗಳಿಗೆಯಲ್ಲಿ ಏನನ್ನುತ್ತಾರೆ? ‘ಒಪ್ಪಿತು’ ಎಂದೇ ಅನ್ನುತ್ತಾರೆಯೇ, ‘ಅಪ್ಪಣೆ ಆಯಿತು’ ಎಂಬಂಥ ಬೇರೆ ಮಾತಿದೆಯೇ? ಹೆಣ್ಣಿಗೆ ‘ಬಂದಳು’ ಎಂದು ಸ್ತ್ರೀಲಿಂಗವನ್ನು ಕಟ್ಟುನಿಟ್ಟಾಗಿ ಬಳಸುವ ಸೀಮೆಯವರು ಇಲ್ಲಿದ್ದರೆ ಅವರ ಉತ್ತರ ನನಗೆ ಬಹಳ ಬೇಕು, ಅಲ್ಲಿ ಒಪ್ಪಿದ್ದು ಯಾರೆಂದು ಕ್ರಿಯಾಪದವೇ ಹೇಳಿಬಿಡುತ್ತದೆ.

ಇನ್ನೊಂದು ಇದೆ. ಎಷ್ಟೋ ಸಲ ಮೊದಲ ಚೊಂಬಿಗೆ ಮರಿ ಮೈ ಕೊಡವುತ್ತಿರಲಿಲ್ಲ. ಆಗ ‘ಇನ್ನೂ ಒಪ್ಪಿಲ್ಲ’ ಎನ್ನುತ್ತಿದ್ದರು, ಎರಡನೆಯ ಚೊಂಬು ಬರುತ್ತಿತ್ತು, ಕಿವಿಯೊಳಗೆ ನಾಲ್ಕು ಹನಿ ಬಿಡುತ್ತಿದ್ದರು. ‘ಒಪ್ಪಲಿಲ್ಲ’ ಎಂಬ ರೂಪವನ್ನು ನಮ್ಮೂರಿನಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಹಾಗೆ ಹೇಳಿ ಮರಿಯನ್ನು ಹಗ್ಗ ಹಿಡಿದು ವಾಪಸ್ಸು ಕೊಟ್ಟಿಗೆಗೆ ಕರೆದುಕೊಂಡು ಹೋದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ಬರೆಯಿರಿ.