ಬಿಲ್ಡರ್ ಚಂದಾ ಮತ್ತು ಐದನೇ ಮಹಡಿ

"ಸಿಡ್ನಿಯಲ್ಲಿ ಬಿಲ್ಡರ್‌ಗಳು ರಾಜಕಾರಣಿಗಳಿಗೆ ಒಂದು ಡಾಲರ್ ಚಂದಾ ಕೊಡುವ ಹಾಗಿಲ್ಲ, ಗೊತ್ತಾ?" ಎಂದ ಶಶಿ. ಮಗಳ ಬಾಣಂತನಕ್ಕೆ ಅಂತ ಹೆಂಡತಿ ಜೊತೆ ಹೋಗಿ ಬಂದ ಮೇಲೆ ಅವನ ಮಾತೆಲ್ಲ ಸಿಡ್ನಿಯಿಂದಲೇ ಹೊರಡುತ್ತದೆ.

"ಮತ್ತೆ ಚುನಾವಣೆ ಹೇಗೆ ಮಾಡ್ತಾರೆ?" ಸೀನುಗೆ ನಿಜವಾಗಲೂ ಗಾಬರಿಯಾಗಿತ್ತು.

ಶಶಿ ಬೈ-ಟು ಕಾಫಿಯ ಲೋಟ ಕೆಳಗಿಟ್ಟ. ಅಂದರೆ ಕಥೆ ಉದ್ದ ಇದೆ ಅಂತ ಅರ್ಥ. "ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2009ರಲ್ಲೇ ಕಾನೂನು ಬಂತು. ಅಲ್ಲಿ ನ್ಯೂಕ್ಯಾಸಲ್ ಅಂತ ಊರಿದೆ. ಜೆಫ್ ಮೆಕ್ಲಾಯ್ ಅಂತ ಅಲ್ಲಿನ ಬಿಲ್ಡರ್. ಕಾನೂನು ಬಂದ ಮೇಲೂ ಅಭ್ಯರ್ಥಿಗಳನ್ನ ತನ್ನ ಬೆಂಟ್ಲಿ ಕಾರಲ್ಲಿ ಕೂರಿಸಿಕೊಂಡು ಹತ್ತು ಸಾವಿರ ಡಾಲರ್ ಕೈಗಿಟ್ಟ. ಆಮೇಲೆ ತಾನೇ ಮೇಯರ್ ಆದ. 2014ರಲ್ಲಿ ತನಿಖೆ ನಡೆದಾಗ, ನಾನು ನಡೆದಾಡುವ ಎಟಿಎಂ ಆಗಿಬಿಟ್ಟಿದ್ದೆ ಅಂತ ಗೋಳಾಡಿದ. ರಾಜೀನಾಮೆ ಕೊಡಬೇಕಾಯಿತು. ಕಾನೂನೇ ಸರಿ ಇಲ್ಲ ಅಂತ ಅಲ್ಲಿನ ದೊಡ್ಡ ಕೋರ್ಟಿಗೂ ಹೋದ. 2015ರಲ್ಲಿ ಅಲ್ಲೂ ಸೋತ."

"ಬೆಂಟ್ಲಿಯಲ್ಲಾ!" ಸೀನುಗೆ ಬೇರೇನೂ ಕೇಳಿಸಿರಲಿಲ್ಲ.

"ಬಿಲ್ಡರೇ ಮೇಯರ್ ಆದ ಅಂದ್ಯಲ್ಲ, ಅದು ಒಳ್ಳೇ ಏರ್ಪಾಡು ಕಣೋ" ಅಂದೆ ನಾನು. "ಕೊಡೋನು, ಇಸ್ಕೊಳ್ಳೋನು ಒಬ್ಬನೇ ಆದರೆ ಚಂದಾನೇ ಬೇಡ. ನಮ್ಮ ಕಡೆ ಅಫಿಡವಿಟ್ಟಿನಲ್ಲಿ ಉದ್ಯೋಗ ಅಂತ ಕೇಳಿದ ಕಡೆ ರಿಯಲ್ ಎಸ್ಟೇಟ್ ಅಂತ ಬರೆಯುವವರು ಕಮ್ಮಿ ಇದ್ದಾರಾ?"

"ನಮ್ಮಲ್ಲಿ ಲೆಕ್ಕವೇ ಇಲ್ಲ, ಅದೇ ತೊಂದರೆ" ಎಂದು ಶಶಿ ಮುಖ ಸಿಂಡರಿಸಿದ.

ಲೆಕ್ಕ ಇದೆ. ಒಬ್ಬರಿಂದ ವರ್ಷಕ್ಕೆ 20 ಸಾವಿರ ರೂಪಾಯಿ ಮೀರಿ ಬಂದರೆ ಪಕ್ಷಗಳು ಚುನಾವಣಾ ಆಯೋಗಕ್ಕೆ ಹೆಸರು ಸಮೇತ ಹೇಳಬೇಕು. ನಡುವೆ ಚುನಾವಣಾ ಬಾಂಡ್ ಅಂತ ಬಂದಿತ್ತು. ಕೊಟ್ಟವರು ಯಾರು ಅಂತ ಬ್ಯಾಂಕಿಗೆ ಗೊತ್ತು, ವೋಟು ಹಾಕುವವರಿಗೆ ಗೊತ್ತಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಆದರೆ ವಾರ್ಡ್ ಮಟ್ಟದ ಚಂದಾ ಈ ಯಾವ ಪುಸ್ತಕಕ್ಕೂ ಬರುವುದಿಲ್ಲ. ಅದು ಅಣ್ಣಮ್ಮನ ಉತ್ಸವದ ಆರ್ಕೆಸ್ಟ್ರಾಗೆ ಹೋಗುತ್ತದೆ. ರಾಜ್ಯೋತ್ಸವದ ಪೆಂಡಾಲಿಗೆ, ಗಣೇಶನ ಲೈಟಿಂಗ್‌ಗೆ, ಹುಟ್ಟುಹಬ್ಬದ ಬಿರಿಯಾನಿಗೆ ಹೋಗುತ್ತದೆ. ದೇವಿಗೆ ಕೊಟ್ಟದ್ದನ್ನ ಯಾರು ಲಂಚ ಅಂತಾರೆ?

"ಹೆಸರು ಬಯಲಾಗೋದಿಲ್ಲ ಅಂತ ಯಾರು ಹೇಳಿದ್ದು?" ಸೀನು ಎದ್ದು ಕೂತ. ಇದು ಅವನ ವಿಷಯ. "ಫ್ಲೆಕ್ಸ್ ನೋಡಿಲ್ವಾ? ಮಧ್ಯದಲ್ಲಿ ಕೈ ಮುಗಿದ ನಾಯಕರು. ಮೇಲೆ ಸಾಲಾಗಿ ದೊಡ್ಡವರು. ಕೆಳಗೆ 'ಶುಭ ಕೋರುವವರು' ಅಂತ ಚಿಕ್ಕ ಚಿಕ್ಕ ಮುಖಗಳು. ಅದೇ ದಾನಿಗಳ ಪಟ್ಟಿ! ಸೈಜ್ ನೋಡಿದರೆ ಎಷ್ಟು ಕೊಟ್ಟ ಅಂತ ಗೊತ್ತಾಗುತ್ತೆ. ಕೂಲಿಂಗ್ ಗ್ಲಾಸ್ ಹಾಕಿದವನು ಪೆಂಡಾಲ್ ಕೊಟ್ಟಿರ್ತಾನೆ. ಫೋನಲ್ಲಿ ಮಾತಾಡ್ತಾ ಇರೋ ಫೋಟೋ ಆದರೆ ಆರ್ಕೆಸ್ಟ್ರಾ. ಬರೀ ಹೆಸರು ಇದ್ದರೆ ಐನೂರು ರೂಪಾಯಿ ಗಿರಾಕಿ. ಸಿಡ್ನಿಯಲ್ಲಿ ಇಷ್ಟು ಪಾರದರ್ಶಕತೆ ಇದೆಯಾ?"

ಫ್ಲೆಕ್ಸ್‌ಗಳ ಬಗ್ಗೆ 2018ರಲ್ಲೇ ಹೈಕೋರ್ಟ್ ಚಾಟಿ ಬೀಸಿತ್ತು. ಕೆಲವು ದಿನ ಊರು ಬೋಳಾಗಿ ಕಂಡು ನಮಗೇ ದಾರಿ ತಪ್ಪುತ್ತಿತ್ತು. ಆಮೇಲೆ ಎಲ್ಲ ಮುಖಗಳೂ ವಾಪಸ್ ಬಂದವು.

"ಅದಿರಲಿ, ಈಗ ಬಿಲ್ಡರ್ ಕೊಡೋದಾದರೂ ಯಾರಿಗೆ?" ಎಂದೆ. "2015ರಲ್ಲಿ ಆರಿಸಿದ ನಮ್ಮ ಬೆಂಗಳೂರು ಪಾಲಿಕೆ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಐದು ವರ್ಷ ಬರೀ ಆಡಳಿತಾಧಿಕಾರಿಗಳು."

"ಮಾಜಿಗಳಿಗೆ ಅರ್ಧ, ಭಾವಿಗಳಿಗೆ ಅರ್ಧ" ಎಂದ ಸೀನು. "ಪಾಪ, ಬಿಲ್ಡರ್ ಕಷ್ಟ ಯಾರಿಗೂ ಅರ್ಥ ಆಗಲ್ಲ. 2025ರಲ್ಲಿ ಒಂದು ಪಾಲಿಕೆ ಐದಾಯಿತು. 198 ವಾರ್ಡ್ ಇದ್ದದ್ದು 369. ಅಷ್ಟೂ ವಾರ್ಡಿನ ಆಕಾಂಕ್ಷಿಗಳಿಗೆ ಹುಟ್ಟುಹಬ್ಬ ಇರುತ್ತೆ."

ಅಲ್ಲಿವರೆಗೂ ಸುಮ್ಮನಿದ್ದ ವಿಮಲಕ್ಕ ನಕ್ಕರು. ಕಟ್ಟಡದ ಫೈಲ್‌ಗಳ ನಡುವೆಯೇ ನಿವೃತ್ತರಾದವರು ಅವರು. ಮಾತು ಕಮ್ಮಿ, ಆಡಿದರೆ ಷರಾ ಬರೆದ ಹಾಗೆ.

"ನೀವೆಲ್ಲ ಪರ್ಮಿಷನ್ ಪರ್ಮಿಷನ್ ಅಂತೀರ. ಪ್ಲಾನ್ ಸ್ಯಾಂಕ್ಷನ್‌ಗೆ ಕಾರ್ಪೊರೇಟರ್ ಸಹಿ ಬೇಕೇ ಇಲ್ಲ. ಅದು ನಗರ ಯೋಜನೆ ವಿಭಾಗದ ಕೆಲಸ. 2024ರಲ್ಲಿ ನಂಬಿಕೆ ನಕ್ಷೆ ಅಂತ ಬಂತು. ಸಣ್ಣ ಮನೆಗಳದ್ದು ಆರ್ಕಿಟೆಕ್ಟೇ ಆನ್‌ಲೈನಲ್ಲಿ ಮಾಡಿಕೊಡ್ತಾರೆ. ಅದಕ್ಕೆ ಯಾರು ಆರ್ಕೆಸ್ಟ್ರಾ ಕೊಡಿಸ್ತಾರೆ?"

"ಮತ್ತೆ ಯಾತಕ್ಕೆ ಕೊಡೋದು?"

"ಆಮೇಲಿನದಕ್ಕೆ. ನಕ್ಷೆಯಲ್ಲಿ ಮೂರು ಮಹಡಿ. ಮೇಸ್ತ್ರಿ ಐದನೇದಕ್ಕೆ ಸೆಂಟ್ರಿಂಗ್ ಹೊಡೀತಿರ್ತಾನೆ. ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ಬಾಲ್ಕನಿ ಬಂದಿರುತ್ತೆ. ಆಗ ಆ ರಸ್ತೆಗೆ ಯಾರೂ ಬರಬಾರದು. ಬಂದರೂ ನೋಟಿಸ್ ಅಂಟಿಸಿ ಹೋಗಬೇಕು. ಅದಾದ ಮೇಲೆ ಇನ್ನೊಂದು ನೋಟಿಸ್. ಅಷ್ಟೊತ್ತಿಗೆ ಗೃಹಪ್ರವೇಶ. ಶಶಿ, ನಿಮ್ಮ ಸಿಡ್ನಿ ಕಾನೂನು ಇಲ್ಲಿಗೆ ತಂದರೂ ಏನನ್ನ ಹಿಡೀತೀರಿ? ಕೊಟ್ಟ ಪರ್ಮಿಷನ್‌ಗೆ ಫೈಲ್ ಇರುತ್ತೆ. ಒಡೆಯದೇ ಬಿಟ್ಟ ಗೋಡೆಗೆ ಫೈಲ್ ಎಲ್ಲಿರುತ್ತೆ?"

ಶಶಿ ಮೊದಲ ಸಲ ಸಿಡ್ನಿ ಬಿಟ್ಟು ಬೆಂಗಳೂರಿಗೆ ಬಂದ. "ಮಾಸ್ಟರ್ ಪ್ಲಾನ್ ಅಂತ ಒಂದು ಇರುತ್ತಲ್ಲ?"

"ಇದೆ. 2007ರಲ್ಲಿ ಮಾಡಿದ್ದು, 2015ರವರೆಗೆ ಅಂತ. 2031ರದ್ದು ಕರಡು ಬಂತು, ವಾಪಸ್ ಹೋಯಿತು. ಅವಧಿ ಮುಗಿದದ್ದರಲ್ಲೇ ನಡೀತಿದೆ."

"ಸರಿ, ನಮ್ಮ ರಸ್ತೆ ತುದಿಯ ಆ ಬಿಲ್ಡಿಂಗ್ ಮೇಲೆ ಕಂಪ್ಲೇಂಟ್ ಕೊಡೋಣ" ಎಂದ ಶಶಿ ಆವೇಶದಿಂದ. "ನಾಲ್ಕೂ ಜನ ಸಹಿ ಹಾಕೋಣ."

ಯಾರೂ ಮಾತಾಡಲಿಲ್ಲ. ನಾನು ಸೀನುವನ್ನು ನೋಡಿದೆ. ಸೀನು ಚಟ್ನಿ ನೋಡುತ್ತಿದ್ದ.

"ಇನ್‌ಸ್ಪೆಕ್ಷನ್‌ಗೆ ಬಂದವರು ಒಂದೇ ಮನೆ ನೋಡಿ ಹೋಗ್ತಾರಾ?" ಎಂದ ಕೊನೆಗೆ. "ನಂದು ಸ್ವಲ್ಪ ಜಾಸ್ತಿ ಆಗಿದೆ, ಒಪ್ತೀನಿ. ಆದರೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡೋ ಅಕ್ರಮ-ಸಕ್ರಮದಲ್ಲಿ ಮನೆಗಳಿಗೆ 50 ಪರ್ಸೆಂಟ್ ಉಲ್ಲಂಘನೆವರೆಗೆ ಬಿಡ್ತೀವಿ ಅಂದಿದ್ರು. ನಾನು ಅದನ್ನ ನಂಬಿ ಕಟ್ಟಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟರೆ ಅದು ನನ್ನ ತಪ್ಪಾ?"

ಪಾಪದವನ ಪಾಡು ಇನ್ನೂ ಇದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ (ವಾಸಕ್ಕೆ ಯೋಗ್ಯ ಅನ್ನುವ ಸರ್ಟಿಫಿಕೇಟ್) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದಿತು. 1,200 ಚದರ ಅಡಿ ಸೈಟಿನ ಮನೆಗಳಿಗೆ ಸರ್ಕಾರ 2025ರಲ್ಲಿ ರಿಯಾಯಿತಿ ಕೊಟ್ಟಿತು. ಸೀನುವಿನ ಸೈಟು ಸರಿಯಾಗಿ 30-40. ಮಹಡಿ ಲೆಕ್ಕ ಮಾತ್ರ ಮೀರಿದೆ.

"ಕಂಪ್ಲೇಂಟ್ ಆಮೇಲೆ ಮಾತಾಡೋಣ" ಎಂದ ಸೀನು. "ಮೇಲಿನ ಮನೆಗೆ ಮೀಟರ್ ಬೇಕಿತ್ತು. ನಮ್ಮ ವಾರ್ಡಿನ ಆ ಭಾವಿ ಹುಡುಗನ ನಂಬರ್ ಯಾರ ಹತ್ರ ಆದರೂ ಇದೆಯಾ?"

ಶಶಿಯ ಮೊಬೈಲಿನಲ್ಲಿತ್ತು.